ತಿದ್ದಿದ ಜೋಗುಳ

‘ಹೊನ್ನ ದೀಪ’ವೋ ‘ಸಣ್ಣ ದೀಪ’ವೋ ಎನ್ನುವುದು ಅನುಸೂಯಳಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ. ಹೊನ್ನ ಎಂದರೆ ಹಾಡಿಗೆ ಮೆರುಗು ಬರುತ್ತದೆ, ಆದರೆ ಅದು ಎಲ್ಲರೂ ಬಳಸಿ ಬಳಸಿ ಸವೆದ ಮೆರುಗು. ಸಣ್ಣ ಎಂದರೆ ನಿಜವೆನಿಸುತ್ತದೆ, ಆದರೆ ತೊಟ್ಟಿಲು ಶಾಸ್ತ್ರದ ದಿನ ಬೀಗರ ಮುಂದೆ ಅವರ ಮನೆಯ ಕೂಸನ್ನು ಸಣ್ಣ ದೀಪ ಅಂದರೆ ಸಮೇತನಹಳ್ಳಿಯಿಂದ ಬರುವ ಹೆಂಗಸರು ಅದಕ್ಕೆ ಬೇರೆಯೇ ಅರ್ಥ ಕಟ್ಟಿಕೊಂಡು ಹೋಗುತ್ತಾರೆ. ಬಚ್ಚಲ ಹಂಡೆಯ ನೀರಿಗೆ ಕೈಯಿಟ್ಟು ಬಿಸಿ ನೋಡುತ್ತಾ ಅವಳು ಎರಡು ಮಾತನ್ನೂ ಒಂದಾದ ಮೇಲೊಂದು ಬಾಯೊಳಗೆ ಆಡಿಸುತ್ತಿದ್ದಳು. ಅವಳ ಅಭ್ಯಾಸವೇ ಹಾಗೆ. ಆವತಿಯ ಸುತ್ತಮುತ್ತ ಹಾಡಿನ ಟೀಚರು ಎಂದೇ ಹೆಸರಾದವಳು, ಆದರೆ ಬರೆದ ಯಾವ ಹಾಡನ್ನೂ ಅದರ ಪಾಡಿಗೆ ಬಿಟ್ಟವಳಲ್ಲ. ಮಕ್ಕಳು ಆಗಸ್ಟ್ ಹದಿನೈದಕ್ಕೆ ಕಲಿತು ಹಾಡುವಾಗ ಮುಂದಿನ ಸಾಲಿನಲ್ಲಿ ಕೂತು ಹಿಂದಿನ ದಿನವಷ್ಟೇ ಬದಲಾಯಿಸಿದ ಮಾತನ್ನು ತುಟಿಯಲ್ಲಿ ಆಡುತ್ತಿದ್ದಳು. ಅದನ್ನು ನೋಡಿದ ಮಕ್ಕಳು ತಪ್ಪುತ್ತಿದ್ದರು. ತಪ್ಪಿದವರಿಗೆ ಆಮೇಲೆ ಬೈಗುಳ. ಶಾಲೆಯ ಗೋಡೆಗೆ ಪೇಂಟ್ ಮಾಡಿಸಿದ್ದ ಅವಳ ಹಾಡೊಂದರಲ್ಲಿ ಒಂದು ಪದ ಸರಿಯಿಲ್ಲವೆನಿಸಿ, ಭಾನುವಾರ ಒಬ್ಬಳೇ ಹೋಗಿ ಸ್ಟೂಲು ಹತ್ತಿ ಕೆರೆದು ತೆಗೆದಿದ್ದಳು. ಆ ಜಾಗದಲ್ಲಿ ಗಾರೆ ಕಿತ್ತು ಬಂದು ಈಗಲೂ ಒಂದು ಗುಂಡಿಯಿದೆ.

ಬಾಣಂತಿ ಕೋಣೆಯಿಂದ ಮಗಳ ದನಿ ಬಂತು. ಕೂಸು ಎದ್ದಿರಬೇಕು. ಅಕ್ಷತಳಿಗೆ ತಾಯಿಯಂಥ ಕಂಠವಿಲ್ಲ, ಆದರೆ ಶ್ರುತಿ ತಪ್ಪುವುದಿಲ್ಲ. ಅನುಸೂಯ ರಾಗಕ್ಕೆ ತಲೆ ತೂಗಿದಳು, ಮಾತು ಕಿವಿಗೆ ಬಿದ್ದಾಗ ತಲೆ ನಿಂತಿತು.

ಮಲಗು ನನ್ನ ಕಾಲ ತೊಡರೆ, ಮಲಗು ಕಣ್ಣ ಮುಚ್ಚಿ
ನೀನು ಬಂದೆ, ನನ್ನ ಬಾಗ್ಲು ಹೋಯ್ತು ನೋಡು ಮುಚ್ಚಿ

ಹಂಡೆಯಲ್ಲಿದ್ದ ಕೈಯನ್ನು ಅವಳು ತೆಗೆಯಲಿಲ್ಲ. ಸುಡುತ್ತಿದೆ ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಇಡೀ ತಿಂಗಳು ಕೂರಿಸಿಕೊಂಡು ಹೇಳಿಕೊಟ್ಟದ್ದು ಇದಲ್ಲ. ‘ಮಲಗು ನನ್ನ ಕರುಳ ಕುಡಿಯೆ, ಮಲಗು ರೆಪ್ಪೆ ಮುಚ್ಚಿ, ನೀನು ಬಂದೆ ನನ್ನ ಮನೆಗೆ ಹೊನ್ನ ದೀಪ ಹಚ್ಚಿ.’ ಮುಚ್ಚಿಗೆ ಹಚ್ಚಿ. ಅದು ಹಾಡು. ಇವತ್ತು ಅಂಗನವಾಡಿಗಳ ಸೂಪರ್‌ವೈಸರ್ ಮಮತ ಈ ಹಾಡು ಕೇಳುವುದಕ್ಕೆಂದೇ ಬರುತ್ತಿದ್ದಾರೆ. ಅವರು ಹೂಂ ಅಂದರೆ ತಾಲ್ಲೂಕಿನ ಅಷ್ಟೂ ಅಂಗನವಾಡಿಗಳಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವಾಗ ಇದನ್ನೇ ಹಾಡುತ್ತಾರೆ, ರಚನೆ ಎಂ. ಅನುಸೂಯಮ್ಮ ಎಂದು ಹೇಳಿಯೇ ಶುರು ಮಾಡುತ್ತಾರೆ. ನಾಲ್ಕು ದಿನ ಹಾಡಿ ಮರೆಯುವ ಜಾಥಾದ ಹಾಡಲ್ಲ ಇದು. ಅದಕ್ಕೇ ಅವಳು ಫೋನಿನಲ್ಲಿ ಮಮತ ಅವರಿಗೆ ಒಂದು ಮಾತು ಹೆಚ್ಚಾಗಿ ಹೇಳಿದ್ದಳು: ಈ ಹಾಡು ಕೇಳಿಕೊಂಡೇ ನನ್ನ ಮಗಳು ಬೆಳೆದಿದ್ದು, ತೊಟ್ಟಿಲ ಶಾಸ್ತ್ರದಲ್ಲಿ ಅವಳ ಬಾಯಲ್ಲೇ ಕೇಳುವಿರಂತೆ ಬನ್ನಿ. ಹೇಳಿ ಫೋನ್ ಇಟ್ಟ ಮೇಲೂ ಆ ಮಾತು ಎಷ್ಟು ಚೆನ್ನಾಗಿ ಕೂತಿತು ಎಂದು ಅವಳಿಗೆ ಸಂತೋಷವೇ ಆಗಿತ್ತು.

ಕಾಲು ಚಾಚಿ ಕೂತು ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ನೀರು ಹೊಯ್ಯುವಾಗ, ಬಾಗಿಲಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಮಗಳನ್ನು ನೋಡದೆ ಅನುಸೂಯ ಕೇಳಿದಳು, ಏನೇ ಅದು ನೀನು ಹಾಡ್ತಿದ್ದದ್ದು ಎಂದು. ಯಾವುದು ಎಂದಳು ಅಕ್ಷತ. ಆಮೇಲೆ ನಕ್ಕಳು.

“ಇವಳು ಜೋರಾಗಿ ಅತ್ರೆ ಬಾಯಿಗೆ ಅದೇ ಬರುತ್ತಮ್ಮ. ನೀನು ನಂಗೆ ಹೇಳ್ತಿದ್ದಿದ್ದು ಅದೇ ಅಲ್ವಾ?”

“ನಾನ್ಯಾವತ್ತೇ ಹೇಳ್ದೆ? ಮುಚ್ಚಿ, ಮುಚ್ಚಿ ಅಂತ ಎರಡು ಸಲ ಬರುತ್ತೆ. ಅದು ಪ್ರಾಸನೇ ಅಲ್ಲ.”

ಪ್ರಾಸದ ವಿಷಯ ಬಂದರೆ ಈ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಕೂಸಿನ ಬೆನ್ನು ಅಂಗೈಯಷ್ಟೂ ಅಗಲವಿರಲಿಲ್ಲ. ನೀರು ಬಿದ್ದಾಗಲೆಲ್ಲ ಅದು ಉಸಿರು ಕಟ್ಟಿ, ಮುಖ ಕೆಂಪಾಗಿ, ಆಮೇಲೆ ಅಳುತ್ತಿತ್ತು. ಉಸಿರು ಕಟ್ಟಿದ ಮೇಲೆ ಅಳು ಬರುವ ತನಕದ ಆ ಒಂದು ಗಳಿಗೆ ಅನುಸೂಯಳಿಗೆ ಚೆನ್ನಾಗಿ ಪರಿಚಯವಿತ್ತು. ಇದೇ ಬಚ್ಚಲು, ಇದೇ ಕಲ್ಲು. ಕಾಲ ಮೇಲಿದ್ದದ್ದು ಆಗ ಅಕ್ಷತ. ರೇಡಿಯೋದವರು ದನಿ ಪರೀಕ್ಷೆಗೆ ಬಾ ಎಂದು ಕರೆದಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಗೆ ಬಂದುಬಿಡಬಹುದಿತ್ತು. ಅತ್ತೆ ಪಿಳ್ಳಮ್ಮನಿಗೆ ಕಿವಿ ಮಂದ. ಮೂರು ಸಲ ಕೂಗಿ ಹೇಳಿದ ಮೇಲೆ ಆಕೆ ಬೈಯಲಿಲ್ಲ, ಬೇಡವೆನ್ನಲಿಲ್ಲ, ಕೂಸನ್ನು ತಂದು ಇವಳ ಮಡಿಲಿಗೆ ಹಾಕಿ ಎಮ್ಮೆಗೆ ಹುಲ್ಲು ಹಾಕುವುದಕ್ಕೆ ಹೋದಳು. ಗಂಡ ಗೋವಿಂದರಾಜು ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯಲು ಹೋಗಿದ್ದವನು ಸಂಜೆ ಬಂದು, ಹೋಗಲಿಲ್ವಾ ಎಂದ. ಆ ದಿನವೇ ಈ ಕಾಲ ತೊಡರಿನ ಹಾಡು ಬಂತು. ಎಲ್ಲ ಸಾಲೂ ಒಟ್ಟಿಗೆ, ಒಂದು ಅಕ್ಷರ ಆಚೀಚೆ ಮಾಡುವ ಕೆಲಸವಿಲ್ಲದೆ ಬಂದ ಹಾಡು ಅವಳ ಜನ್ಮದಲ್ಲಿ ಅದೊಂದೇ. ಆಮೇಲೆ ಪ್ರತಿ ಮಧ್ಯಾಹ್ನ ತೊಟ್ಟಿಲ ಹಗ್ಗ ಹಿಡಿದು ಅದನ್ನು ಹಾಡಿದಳು, ಎಷ್ಟು ಇಂಪಾಗಿ ಹಾಡಬಹುದೋ ಅಷ್ಟು ಇಂಪಾಗಿ. ಏನೂ ಕೇಳಿಸದ ಪಿಳ್ಳಮ್ಮ ಸೊಸೆಯ ಬಾಯಾಡುವುದನ್ನು, ಕೂಸು ಮಲಗುವುದನ್ನು ನೋಡಿ, ಕೂಸು ಮಲಗಿಸೋದಂದ್ರೆ ನಮ್ಮ ಸೊಸೆ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಎರಡನೆಯ ನುಡಿ ಇನ್ನೂ ಇತ್ತು. ಅದನ್ನು ನೆನೆಯುವುದು ಬೇಡವೆಂದು ಅವಳು ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯಲು ಎದ್ದಳು. ಹೊಗೆಯ ನಡುವೆ ಅದೇ ಬಂತು. ‘ಅಳುವೆ ಯಾಕೆ, ಯಾರ ಕರೆವೆ, ಯಾರು ಬರರು ಮಲಗು. ಒಮ್ಮೆ ನಿದ್ದೆ ಹೋದ ಮೇಲೆ ಏಳಬೇಡ ಮಲಗು.’ ಅಕ್ಷತಳಿಗೆ ನಾಲ್ಕು ತುಂಬಿದ ಮೇಲೆ ಒಂದು ಮಧ್ಯಾಹ್ನ ಜ್ವರವಿತ್ತು, ಇದನ್ನೇ ಹಾಡಿ ತಟ್ಟಿ ಮಲಗಿಸಿದ್ದಳು, ಮಗು ಏಳಲಿಲ್ಲ. ಅಲುಗಾಡಿಸಿದರೂ ಏಳಲಿಲ್ಲ. ಕಣ್ಣುಗುಡ್ಡೆ ಮೇಲೆ ಹೋಗಿತ್ತು. ಯಾರದ್ದೋ ಟೆಂಪೋದಲ್ಲಿ ದೇವನಹಳ್ಳಿಯ ಆಸ್ಪತ್ರೆಗೆ ಹಾಕಿಕೊಂಡು ಹೋಗಿ, ಮಗುವನ್ನು ಒಳಗೆ ಕೊಟ್ಟು ಜಗಲಿಯಲ್ಲಿ ನಿಂತಾಗ ಅವಳಿಗೆ ಒಬ್ಬ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ. ‘ಬೆಳಗು ಬಂದು ಕರೆವ ತನಕ ಏಳಬೇಡ ಮಲಗು.’ ಅರ್ಧ ಸಾಲು ಬದಲಾಯಿಸಿದರೆ ಸಾಕು, ಶಾಪ ಹರಕೆಯಾಗುತ್ತದೆ. ಸಾಲಿನ ಮಾತ್ರೆ ಕೂಡ ಒಂದಿಷ್ಟೂ ಏರುಪೇರಾಗುವುದಿಲ್ಲ. ಮಗು ಬದುಕುತ್ತದೋ ಇಲ್ಲವೋ ಗೊತ್ತಿಲ್ಲದ ಆ ಹೊತ್ತಿನಲ್ಲಿ, ಸಾಲು ಸರಿಯಾಗಿ ಕೂತಿತೆಂದು ಅವಳ ಎದೆಯೊಳಗೊಂದು ಕಡೆ ಹಿಗ್ಗಿತ್ತು. ಮಗು ಸಂಜೆಗೆ ಎದ್ದು ಬಿಸ್ಕತ್ತು ಕೇಳಿತು. ಅವತ್ತಿನಿಂದ ಅವಳು ಮಗಳಿಗೆ ಯಾವ ಹಾಡನ್ನೂ ಹಾಡಲಿಲ್ಲ. ತಿದ್ದಿದ ಜೋಗುಳವನ್ನು ಕೇಳಿದವರು ಮಹಿಳಾ ಸಮಾಜದವರು, ಶಿಕ್ಷಕರ ದಿನಾಚರಣೆಯವರು, ಮೈಕಿನ ಮುಂದೆ ಕೂತವರು. ಮಗುವೊಂದು ಅದನ್ನು ಕೇಳಿಸಿಕೊಂಡು ಮಲಗಿದ್ದು ಇವತ್ತಿನವರೆಗೂ ಇಲ್ಲ.

ಹಾಡುವುದು ಬೇಡ, ನಾನೇ ಹಾಡಿಬಿಡುತ್ತೇನೆ ಎಂದು ಮಗಳಿಗೆ ಹೇಳಬಹುದಿತ್ತು. ಹೇಳೋಣವೆಂದು ಎರಡು ಸಲ ಬಾಗಿಲ ತನಕ ಹೋದಳು ಕೂಡ. ಆದರೆ ಮಗಳ ಬಾಯಲ್ಲೇ ಕೇಳಿ ಎಂದು ಮಮತ ಅವರಿಗೆ ಹೇಳಿದ್ದ ಮಾತು ಅಷ್ಟು ಚೆನ್ನಾಗಿ ಕೂತಿತ್ತಲ್ಲ, ಅದನ್ನು ಕೀಳಲು ಮನಸ್ಸಾಗಲಿಲ್ಲ.

ಹನ್ನೊಂದರ ಹೊತ್ತಿಗೆ ಸಮೇತನಹಳ್ಳಿಯಿಂದ ಬೀಗರ ವ್ಯಾನು ಬಂತು. ಅಳಿಯ ಬೀರೇಶ್ ಇಳಿದವನೇ ಕೂಸನ್ನು ಎತ್ತಿಕೊಂಡು, ಇವಳು ನಮ್ಮ ಕಡೆ ಕಣ್ರೀ, ಮೂಗು ನೋಡಿ ಎಂದು ಸಿಕ್ಕವರಿಗೆಲ್ಲ ತೋರಿಸಿದ. ಅವನ ತಾಯಿ ಪಾಪಕ್ಕ ಗಟ್ಟಿ ಹೆಂಗಸು. ತೊಟ್ಟಿಲಿನ ಹಗ್ಗವನ್ನು ತಾನೇ ಜಗ್ಗಿ ನೋಡಿ, ಮೇಲಿನ ಕೊಂಡಿಯನ್ನು ತಾನೇ ಮುಟ್ಟಿ ನೋಡಿದ ಮೇಲೆಯೇ ಕೂತಳು. ಇಷ್ಟು ಬೆಳ್ಳಗಿರೋ ಗೋಡೆ ಮನೇಲಿ ಬಾಣಂತೀನ ಕತ್ತಲೆ ಕೋಣೇಲಿ ಇಟ್ಟಿದೀರಲ್ಲ ಬೀಗ್ರೇ ಎಂದು ಅನುಸೂಯಳನ್ನು ಒಮ್ಮೆ ಚುಚ್ಚಿ, ಹೋಳಿಗೆ ಚೆನ್ನಾಗಿದೆ, ಯಾರು ಮಾಡಿದ್ದು ಎಂದು ಇನ್ನೊಮ್ಮೆ ಚುಚ್ಚಿದಳು. ಮಮತ ಮೇಡಂ ಸ್ಕೂಟಿಯಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮುಂದೆಯೇ ಕೂತರು. ಗೋವಿಂದರಾಜು ಎಲೆಯಡಿಕೆ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ. ಅವನು ಯಾವ ಸಮಾರಂಭದಲ್ಲೂ ಬಾಗಿಲಿನಿಂದ ಈಚೆಗೆ ಬರುವವನಲ್ಲ.

ಶಾಸ್ತ್ರಕ್ಕೆ ಮೊದಲು ಕೂಸಲ್ಲ, ಕಲ್ಲು. ಗುಂಡುಕಲ್ಲಿಗೆ ಅರಿಸಿನ ಹಚ್ಚಿ, ಹೊಸ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿ ಪಾಪಕ್ಕ ಮೂರು ಸಲ ತೂಗಿದಳು. ಈ ಕಲ್ಲು ಹೆಂಗೆ ಗಟ್ಟಿಯೋ ಹಂಗೆ ನಮ್ಮ ಕೂಸಿರಲಿ ಎಂದು ಅದನ್ನೆತ್ತಿ ತೊಟ್ಟಿಲ ಕೆಳಗಿಟ್ಟಳು. ಕೂಸನ್ನು ತೊಟ್ಟಿಲ ಅಡಿಯಿಂದ ಆಚೆ ಕೊಟ್ಟು ಮೇಲಿಂದ ಈಚೆ ತೆಗೆದುಕೊಂಡು ಮಲಗಿಸಿದರು. ಕಿವಿಯಲ್ಲಿ ಹೆಸರು ಕೂಗಿದರು: ಕೀರ್ತನ. ಹೆಸರು ಆರಿಸಿದವಳು ಅನುಸೂಯ. ಬೀರೇಶ್ ಫೋನ್ ಎತ್ತಿ ಹಿಡಿದ. ಅಕ್ಷತ ಹಗ್ಗ ಹಿಡಿದು ತಾಯಿಯ ಮುಖವನ್ನು ಒಂದು ಸಲ ನೋಡಿ ಶುರು ಮಾಡಿದಳು. ಕರುಳ ಕುಡಿಯೆ ಬಂತು. ರೆಪ್ಪೆ ಮುಚ್ಚಿ ಬಂತು. ಅನುಸೂಯಳ ತುಟಿ ಮಗಳಿಗಿಂತ ಅರ್ಧ ಮಾತು ಮುಂದೆ ಅಲುಗುತ್ತಿತ್ತು. ಹೊನ್ನ ದೀಪ ಹಚ್ಚಿ ಬಂತು, ಮಮತ ತಲೆಯಾಡಿಸಿದರು.

ಅಷ್ಟು ಹೊತ್ತಿಗೆ ಮಾಡಿನ ಮೇಲೆ ವಿಮಾನ ಬಂತು. ಈ ಊರಿನಲ್ಲಿ ವಿಮಾನ ಬಂದರೆ ಮಾತಾಡುವವರು ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಅಕ್ಷತಳೂ ನಿಲ್ಲಿಸಿದಳು. ಕೂಸು ಬೆಚ್ಚಿತು, ಉಸಿರು ಕಟ್ಟಿತು, ಮುಖ ಕೆಂಪಾಗಿ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಚೀರಿತು. ಅಕ್ಷತ ಹಗ್ಗ ಬಿಟ್ಟು ತೊಟ್ಟಿಲೊಳಕ್ಕೆ ಬಗ್ಗಿದಳು. ಅಲ್ಲಿದ್ದವರೆಲ್ಲ ಅವಳಿಗೆ ಮರೆತುಹೋದರು. ಬಗ್ಗಿದಾಗ ಅವಳ ದನಿ ಬೇರೆಯಾಯಿತು. ಅದು ಅವಳ ದನಿಯಲ್ಲ, ಅನುಸೂಯಳ ಆಗಿನ ದನಿ, ಅದೇ ಇಂಪು, ಸಾಲಿನ ಕೊನೆಗೆ ಉಸಿರನ್ನು ಸ್ವಲ್ಪ ಒಳಗೇ ಉಳಿಸಿಕೊಳ್ಳುವ ಅದೇ ಕಳ್ಳತನ.

ಅಳುವೆ ಯಾಕೆ, ಯಾರ ಕರೆವೆ, ಯಾರು ಬರರು ಮಲಗು
ಒಮ್ಮೆ ನಿದ್ದೆ ಹೋದ ಮೇಲೆ ಏಳಬೇಡ ಮಲಗು

ಕೂಸಿನ ಅಳು ನಿಂತಿತು. ಅನುಸೂಯಳಿಗೆ ಮೊದಲು ಹೊಳೆದದ್ದು, ಹಾಡು ಎಷ್ಟು ಚೆನ್ನಾಗಿದೆ ಎಂದು. ಇಷ್ಟು ವರ್ಷ ತಿಕ್ಕಿದ ತನ್ನ ಸಾಲುಗಳಲ್ಲಿ ಒಂದೂ ಇದರ ಹತ್ತಿರ ಬರುವುದಿಲ್ಲ ಎಂದು. ಆಮೇಲೆಯೇ ಕೋಣೆ ಸದ್ದಿಲ್ಲದೆ ನಿಂತಿರುವುದು ಅವಳಿಗೆ ಗೊತ್ತಾದದ್ದು. ಹೆಂಗಸರು ಆರತಿ ತಟ್ಟೆ ಹಿಡಿದವರು ಹಿಡಿದ ಹಾಗೇ ಇದ್ದರು. ಪಾಪಕ್ಕ ಇನ್ನೂ ಓಲಾಡುತ್ತಿದ್ದ ತೊಟ್ಟಿಲನ್ನು ಕೈಯಿಟ್ಟು ನಿಲ್ಲಿಸಿದಳು.

“ಏನಮ್ಮ ಅದು? ಕೂಸಿಗೆ ಏಳ್ಬೇಡ ಅಂತೀಯಾ?”

ಅಕ್ಷತ ತಲೆಯೆತ್ತಿದಳು. ನಿದ್ದೆಯಿಂದೆದ್ದವಳ ಹಾಗೆ ಎಲ್ಲರನ್ನೂ ನೋಡಿದಳು. “ನಮ್ಮಮ್ಮ ನಂಗೆ ಹೇಳ್ತಿದ್ದ ಹಾಡು ಅತ್ತೆ,” ಎಂದಳು.

ಎಲ್ಲರ ಕಣ್ಣೂ ಈ ಕಡೆ ತಿರುಗಿದವು. ಬೀರೇಶನ ಫೋನೂ ತಿರುಗಿತು. ನನ್ನದೇ ಎಂದರೆ ಮುಗಿಯುತ್ತಿತ್ತು. ಆ ಒಂದು ಮಾತು ಅವಳ ನಾಲಗೆಯ ಮೇಲೆ ಬಂದು ಕೂತದ್ದೂ ನಿಜ. ಮಮತ ಮೇಡಂ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದದ್ದು ಕಾಣಿಸಿತು. ಅಷ್ಟೇ, ಒಂದು ಗೇಣು ಸರಿದದ್ದು.

“ನಮ್ಮತ್ತೆ ಏನೋ ಗುನುಗ್ತಿದ್ರು. ಹಳೇ ಕಾಲದ್ದು. ಅದು ಇವಳ ತಲೇಲಿ ಕೂತಿದೆ,” ಎಂದಳು ಅನುಸೂಯ. ಜೀವಮಾನದಲ್ಲಿ ಒಂದು ಸಾಲು ಹಾಡದೆ, ಒಂದು ಸಾಲು ಕೇಳಿಸಿಕೊಳ್ಳದೆ ಸತ್ತ ಮುದುಕಿಯ ತಲೆಯ ಮೇಲೆ ಅದನ್ನು ಇಡುವಾಗ ಅವಳ ದನಿ ಅಲುಗಲಿಲ್ಲ.

“ಅಜ್ಜಿ ಎಲ್ಲಮ್ಮ ಹಾಡ್ತಿದ್ರು?” ಎಂದಳು ಅಕ್ಷತ. ವಾದಕ್ಕಲ್ಲ, ನಿಜವಾಗಿ ನೆನಪು ಮಾಡಿಕೊಡುವವಳಂತೆ. “ನೀನೇ. ಈ ತೊಟ್ಟಿಲ ಹತ್ರಾನೇ ಕೂತ್ಕೊಂಡು.”

ಆಗ ಅನುಸೂಯಳಿಗೆ ಎರಡನೆಯ ಮಾತು ಹುಡುಕುವುದು ಅನಿವಾರ್ಯವಾಯಿತು. ಅದು ಸಿಕ್ಕಿತು. ಅವಳಿಗೆ ಯಾವಾಗಲೂ ಸಿಗುತ್ತದೆ. ಪಾಪಕ್ಕನ ಹತ್ತಿರ ಹೋಗಿ, ದನಿ ತಗ್ಗಿಸಿ, ಆದರೆ ಕೋಣೆಗೆಲ್ಲ ಕೇಳುವಷ್ಟು ಮಾತ್ರ ತಗ್ಗಿಸಿ, ಹೆರಿಗೆಯಾದಾಗಿನಿಂದ ಮಗಳಿಗೆ ನಿದ್ದೆಯಿಲ್ಲವೆಂದಳು. ಒಬ್ಬಳೇ ಕೂತು ಏನೇನೋ ಅಂದುಕೊಳ್ಳುತ್ತಾಳೆಂದಳು, ಆಡಿದ್ದು ನೆನಪಿರುವುದಿಲ್ಲ, ಆಡದಿದ್ದದ್ದನ್ನು ಆಡಿದರು ಅನ್ನುತ್ತಾಳೆ, ಗಾಬರಿಯಾಗುತ್ತೀರೆಂದು ನಿಮಗೆ ಹೇಳಿರಲಿಲ್ಲ ಬೀಗ್ರೇ ಎಂದಳು. ಸನ್ನಿ ಎನ್ನುವ ಮಾತನ್ನು ಅವಳು ಆಡಲಿಲ್ಲ. ಅದನ್ನು ಆಡಿದ್ದು ಪಾಪಕ್ಕ. ಬಾಣಂತಿ ಸನ್ನಿ. ತನ್ನ ಚಿಕ್ಕಮ್ಮನಿಗೂ ಹೀಗೇ ಆಗಿತ್ತು, ಹೀಗೇ ಚೆನ್ನಾಗಿ ಮಾತಾಡುತ್ತಿದ್ದಳು, ಕೂಸಿನ ಮೇಲೆ ದಿಂಬು ಹಾಕಿದ ದಿನವೂ ಚೆನ್ನಾಗಿಯೇ ಮಾತಾಡುತ್ತಿದ್ದಳು ಎಂದು ಪಾಪಕ್ಕ ಹೇಳಿದಾಗ ಅನುಸೂಯ ಅಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ. ಪಾಪಕ್ಕನೇ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಾಗ ಅಕ್ಷತ ಕೈ ಚಾಚಿದಳು. ಪಾಪಕ್ಕ ಭುಜ ತಿರುಗಿಸಿದಳು.

“ಹಾಲಿಗೆ ನಾನೇ ತಂದು ಕೊಡ್ತೀನಿ. ಕುಡ್ಸಿ ಕೊಟ್ಬಿಡು. ಮಲಗೋದು ನನ್ನ ಪಕ್ಕ.”

ಅಕ್ಷತ ಗಂಡನನ್ನು ನೋಡಿದಳು. ಬೀರೇಶ್ ಫೋನಿನಲ್ಲಿ ಏನನ್ನೋ ಅಳಿಸುತ್ತಿದ್ದ.

ಪಾಪ, ಬಾಣಂತಿ, ರೆಸ್ಟ್ ಬೇಕು ಎಂದರು ಮಮತ. ನೀವೇ ಒಂದು ಸಲ ಹಾಡಿಬಿಡಿ ಮೇಡಂ, ಹೆಂಗೂ ನಿಮ್ಮದೇ ಅಲ್ವಾ ಎಂದರು. ಅನುಸೂಯ ಸೆರಗು ಸರಿಪಡಿಸಿಕೊಂಡು ನಿಂತು ಹಾಡಿದಳು. ಹೊನ್ನ ದೀಪ ಎಂದೇ ಹಾಡಿದಳು, ಅದು ಹಾಗೆ ಇತ್ಯರ್ಥವಾಯಿತು. ಅಳುವೆ ಯಾಕೆ ಅಮ್ಮನಿರಲು, ಅಪ್ಪ ಬರುವ ಮಲಗು ಎಂದಾಗ ಹೆಂಗಸರು ಬೀರೇಶನನ್ನು ನೋಡಿ ನಕ್ಕರು. ಬೆಳಗು ಬಂದು ಕರೆವ ತನಕ ಎಂದಾಗ ಮಮತ ಕಣ್ಣೊರೆಸಿಕೊಂಡರು. ಚಪ್ಪಾಳೆಯಾಯಿತು. ಪಾಪಕ್ಕನ ತೋಳಿನಲ್ಲಿ ಕೂಸು ಮಾತ್ರ ಹಾಡಿನುದ್ದಕ್ಕೂ ಅಳುತ್ತಲೇ ಇತ್ತು. ಅಳು ಸೇರಿಕೊಂಡಿತೆಂದು ಬೀರೇಶ್ ಇನ್ನೊಂದು ಸಲ ಹಾಡಿಸಿ ರೆಕಾರ್ಡ್ ಮಾಡಿಕೊಂಡ.

ಊಟ ಮುಗಿದು ವ್ಯಾನು ಹೋಯಿತು. ಪಾಪಕ್ಕ ಉಳಿದಳು. ಕಟ್ಟೆಯ ಮೇಲೆ ಉಳಿದ ಹೋಳಿಗೆಗಳನ್ನು ಡಬ್ಬಿಗೆ ಹಾಕುತ್ತಾ ಅನುಸೂಯ, ಇದೆಲ್ಲ ಒಂದು ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡಳು. ಒಳ್ಳೆಯ ಡಾಕ್ಟರಿಗೆ ತೋರಿಸಿ, ಏನೂ ಇಲ್ಲವೆಂದು ಅವರ ಬಾಯಲ್ಲೇ ಅನ್ನಿಸಿದರೆ ಮುಗಿಯಿತು. ತಾನು ಆಡಿದ ಮಾತುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಆಡದಿದ್ದದ್ದನ್ನು ಆಡಿದರು ಅನ್ನುತ್ತಾಳೆ ಎಂದದ್ದು ಸ್ವಲ್ಪ ಹೆಚ್ಚಾಯಿತು. ಅದನ್ನು ಬಿಟ್ಟಿದ್ದರೂ ನಡೆಯುತ್ತಿತ್ತು. ಗೋವಿಂದರಾಜು ತಟ್ಟೆ ತಂದು ತೊಟ್ಟಿಗಿಟ್ಟ. ಕೈ ತೊಳೆದ. ಹೋಗಲಿಲ್ಲ.

“ನಂಗೂ ಕೇಳಿಸ್ತಿತ್ತು ಕಣೆ. ಆಗ,” ಎಂದ.

ಅವಳು ಡಬ್ಬಿಯ ಮುಚ್ಚಳ ಒತ್ತಿದಳು. ಅದು ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತಿತ್ತು. “ಕೇಳಿಸ್ತಿದ್ರೆ ಆಗ್ಲೇ ಅನ್ನಬೇಕಿತ್ತು,” ಎಂದಳು. “ಈಗ ಯಾಕೆ?”

ಅವನು ಪಂಚೆಯಲ್ಲಿ ಕೈ ಒರೆಸಿಕೊಂಡು ತೋಟದ ಕಡೆ ಹೋದ.

ಬಾಣಂತಿ ಕೋಣೆಯಲ್ಲಿ ಅಕ್ಷತ ಮಂಚದ ಮೇಲೆ ಕೂತಿದ್ದಳು. ಕುಪ್ಪಸದ ಎದೆ ಒದ್ದೆಯಾಗಿತ್ತು. ಪಾಪಕ್ಕ ಹಜಾರದಲ್ಲಿ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಈ ಕೋಣೆಯ ಬಾಗಿಲು ಕಾಣುವಂತೆ ಕೂತಿದ್ದಳು. ಮಗಳು ಕೂಗುತ್ತಾಳೆ, ಬೈಯುತ್ತಾಳೆ ಎಂದು ಅನುಸೂಯ ಸಿದ್ಧವಾಗಿಯೇ ಬಂದಿದ್ದಳು. ಬೈದರೆ ಅಳಬೇಕೆಂದೂ ಅಂದುಕೊಂಡಿದ್ದಳು. ಅಕ್ಷತ ಬೈಯಲಿಲ್ಲ.

“ಅದರ ಅರ್ಥ ಇವತ್ತೇ ಗೊತ್ತಾಗಿದ್ದಮ್ಮ ನಂಗೆ,” ಎಂದಳು. “ಎಲ್ಲರೂ ಹಂಗೆ ನಿಂತುಬಿಟ್ರಲ್ಲ, ಆಗ. ಅಲ್ಲೀತನಕ ನಂಗೆ ಅದು ಮಾತು ಅಂತಾನೇ ಅನ್ನಿಸಿರ್ಲಿಲ್ಲ. ನಿನ್ನ ದನಿ ಅಷ್ಟೇ ಅಂದ್ಕೊಂಡಿದ್ದೆ.”

ಅನುಸೂಯ ಹಾಸಿಗೆಯ ಮೇಲಿದ್ದ ಕೂಸಿನ ಟೋಪಿಯನ್ನು ಮಡಿಸಿದಳು. ಟೋಪಿ ಮಡಿಸುವಂಥದ್ದಲ್ಲ. ಮತ್ತೆ ಬಿಚ್ಚಿದಳು.

“ಹೊಸದು ಇನ್ನೊಂದ್ಸಲ ಹೇಳ್ಕೊಡು,” ಎಂದಳು ಅಕ್ಷತ. “ಇವತ್ತು ಸರಿಯಾಗಿ ಹೇಳಿದ್ರೆ ರಾತ್ರಿ ಕೂಸನ್ನ ನನ್ನ ಪಕ್ಕ ಮಲಗಿಸ್ತಾರಂತೆ ಅತ್ತೆ. ನಾನು ಕೇಳ್ದೆ.”

ಇಬ್ಬರೂ ಹಜಾರಕ್ಕೆ ಬಂದರು. ಅಕ್ಷತ ತೊಟ್ಟಿಲ ಹಗ್ಗ ಹಿಡಿದಾಗ ಪಾಪಕ್ಕ ತಡೆದಳು. ಬರೀ ತೊಟ್ಟಿಲು ತೂಗಬಾರದು, ಕೂಸಿಗೆ ಆಗಿಬರುವುದಿಲ್ಲ. ಕೂಸನ್ನು ಮಾತ್ರ ಅವಳು ಕೊಡಲಿಲ್ಲ. ಒಂದು ಕೈಯಲ್ಲಿ ಅದನ್ನು ಅವುಚಿಕೊಂಡೇ ಬಗ್ಗಿ, ತೊಟ್ಟಿಲ ಕೆಳಗಿದ್ದ ಗುಂಡುಕಲ್ಲನ್ನು ಬಟ್ಟೆಯ ಸಮೇತ ಎತ್ತಿ ಒಳಗಿಟ್ಟಳು. “ಇದಕ್ಕೆ ಹೇಳು ಮೊದ್ಲು,” ಎಂದಳು.

ಅಕ್ಷತ ಕಲ್ಲನ್ನು ತೂಗಿದಳು. ಕರುಳ ಕುಡಿಯೆ ಎಂದಳು. ಹೊನ್ನ ದೀಪ ಎಂದಳು. ಅಮ್ಮನಿರಲು ಎಂದಳು. ಒಂದು ಅಕ್ಷರ ತಪ್ಪಲಿಲ್ಲ. ಶ್ರುತಿ ನೆಟ್ಟಗಿತ್ತು, ಕಣ್ಣು ಕಲ್ಲಿನ ಮೇಲಿತ್ತು, ದನಿಯಲ್ಲಿ ಯಾರೂ ಇರಲಿಲ್ಲ. ಅನುಸೂಯ ತಾನು ತಪ್ಪಿಗಾಗಿ ಕಾಯುತ್ತಿದ್ದೇನೆಂದು ಕೊನೆಯ ಸಾಲಿಗೆ ಬಂದಾಗ ಅರಿತಳು. ತಪ್ಪು ಬರಲಿಲ್ಲ. ಬೆಳಗು ಬಂದು ಕರೆವ ತನಕ ಏಳಬೇಡ ಮಲಗು. ತೊಟ್ಟಿಲು ಭಾರಕ್ಕೆ ಕಿರ್ರೆಂದು ಇನ್ನೆರಡು ಸಲ ಆಚೀಚೆ ಹೋಯಿತು.

“ಸರಿಯಾಯ್ತಾ ಅಮ್ಮ?” ಎಂದಳು ಅಕ್ಷತ.

ಪಾಪಕ್ಕನೂ ಅನುಸೂಯಳ ಮುಖವನ್ನೇ ನೋಡಿದಳು. ಹೂಂ ಅಂದರೆ ಸಾಕಿತ್ತು.

“ಹಚ್ಚಿ ಅನ್ನೋದನ್ನ ಇನ್ನೊಂಚೂರು ಎಳಿ,” ಎಂದಳು ಅನುಸೂಯ. “ಮೊದಲಿಂದ ಹೇಳು.”